ತಮಿಳು ಸಿನಿಮಾ ಹೇಳಿದ ಮೊಮ್ಮಗಳು

ನಾನು ಓದಿದ್ದು ಎರಡನೇ ಕ್ಲಾಸು. ಆದರೂ ಆ ಸಿನಿಮಾದ ಬಗ್ಗೆ ಬರೆಯದೆ ಇರಲಾರೆ.

ಕಲಬುರಗಿ ಕಡೆಯಿಂದ ಬಂದು ಹಲಸೂರಿನ ಬಾಡಿಗೆ ಕೋಣೆಯಲ್ಲಿದ್ದೆವು. ಭಾನುವಾರ ಗಾರೆ ಕೆಲಸಕ್ಕೆ ರಜೆ. ವಠಾರದ ಹೆಂಗಸರೆಲ್ಲ ಮ್ಯಾಟಿನಿಗೆ ಹೋಗುತ್ತಿದ್ದೆವು. ಹತ್ತಿರದ ಟಾಕೀಸಿಗೆ ಬರುತ್ತಿದ್ದುದು ತಮಿಳು ಸಿನಿಮಾ. ನಮಗೆ ತಮಿಳು ತಿಳಿಯದು. ಅದಕ್ಕೆ ಬಲ್ಲವಳೊಬ್ಬಳನ್ನು ನಡುವೆ ಕೂರಿಸಿಕೊಳ್ಳುತ್ತಿದ್ದೆವು. ಅವಳು ಹೇಳಬೇಕು, ಸಾಲೆಲ್ಲ ಕೇಳಬೇಕು.

ಒಂದು ಭಾನುವಾರ ಅವಳಿಗೆ ಜ್ವರ. ತಮಿಳು ಬಲ್ಲ ಇನ್ನೊಬ್ಬಳೆಂದರೆ ಎಂಟು ವರ್ಷದ ನನ್ನ ಮೊಮ್ಮಗಳು. ಬೀದಿಯಲ್ಲಿ ಆಡಿಯೇ ಕಲಿತವಳು. ಆದರೆ ಮಗುವಿಗೆ ಮಾತು ತಡೆಯುತ್ತಿತ್ತು. ಯಾರಾದರೂ ನಕ್ಕರೆ ಬಾಯಿ ಮುಚ್ಚಿಬಿಡುತ್ತಿದ್ದಳು. ಹೀಗೇ ಮಾತು ಬಿಟ್ಟುಬಿಟ್ಟಾಳು ಎಂಬ ಭಯ ನನಗೆ.

ಸಿನಿಮಾ ಶುರುವಾದರೂ ಅವಳು ಬಾಯಿ ಬಿಡಲಿಲ್ಲ. ಆದರೆ ಎಂಥ ಸಿನಿಮಾ! ಒಬ್ಬ ಪೊಲೀಸ್, ಒಬ್ಬ ಕಳ್ಳ. ಇಬ್ಬರೂ ಒಂದೇ ತಾಯಿಯ ಕೈತುತ್ತು ತಿಂದವರು. ಪ್ರತಿ ಏಟೂ ಹೊಡೆದವನಿಗೇ ನೋಯುವಂತಿತ್ತು. ಪೊಲೀಸಿನವನು ಗಂಟಲು ಹರಿದುಕೊಳ್ಳುವ ಹೀರೋ ಅಲ್ಲ. ನಿಲ್ಲುತ್ತಿದ್ದ, ಉಸಿರೆಳೆಯುತ್ತಿದ್ದ, ಆಮೇಲೆ ಎರಡೇ ಮಾತು. ಅಷ್ಟಕ್ಕೇ ಟಾಕೀಸು ತೆಪ್ಪಗಾಗುತ್ತಿತ್ತು. ಕಳ್ಳನೋ, ನಗುತ್ತಲೇ ಕಣ್ಣು ತುಂಬಿಕೊಳ್ಳುವವನು. ಅವನಿಗಾಗಿಯೂ ನನ್ನ ಕರುಳು ಚುರ್ ಎಂದಿತು.

ಇಂಟರ್ವಲ್‌ನಲ್ಲಿ ಪಕ್ಕದ ಮನೆಯವಳು ಕೇಳಿಯೇಬಿಟ್ಟಳು: "ಏ ಕೂಸೇ, ಆ ಪೊಲೀಸ ಬಾಗಿಲಾಗ ನಿಂತು ಏನಂದ? ನಾವೇನು ಗ್ವಾಡಿ ನೋಡಾಕ ಬಂದೀವೇನು?"

"ಬಿಡವ್ವಾ, ಅದಕ್ಕ ಮಾತು ಬರಂಗಿಲ್ಲ," ಎಂದು ಇನ್ನೊಬ್ಬಳು ನಕ್ಕಳು.

ನಾನು ಜಗಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮೊಮ್ಮಗಳು ಎದ್ದು ನಿಂತಳು. ಪೊಲೀಸಿನವನ ಹಾಗೆ ನೆಟ್ಟಗೆ ನೋಡಿದಳು. ಉಸಿರೆಳೆದಳು.

"ಓಡಬ್ಯಾಡ. ಬೆನ್ನಿಗೆ ನಾ ಗುಂಡು ಹೊಡಿಯಂಗಿಲ್ಲ. ತಿರುಗು."

ನಿಂತು ನಿಂತು, ಉಸಿರೆಳೆದು ಎಳೆದು, ಇಬ್ಬರ ಮಾತನ್ನೂ ಆಡಿ ತೋರಿಸಿದಳು. ಎರಡು ಕಡೆ ತಡೆಯಿತು. ತಡೆಯಲಿ ಬಿಡಿ, ಬಾಯಿ ಮುಚ್ಚಲಿಲ್ಲವಲ್ಲ! ನಕ್ಕವಳೇ ಈಗ ಮುಂದೆ ಬಗ್ಗಿ, "ಮತ್ತ ಆ ಕಳ್ಳ ಯಾಕ ಅತ್ತ?" ಎಂದಳು.

"ಅ...ಅವ್ವ ನೆನಪಾದ್ಲು, ಅದಕ್ಕ."

ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಪಾಪು, ಸ್ವಲ್ಪ ಜೋರಾಗ್ ಹೇಳಮ್ಮ, ನಮ್ಗೂ ತಮಿಳ್ ಬರಲ್ಲ!"

ಗಂಟೆ ಹೊಡೆದು ದೀಪ ಆರಿತು. ಅವಳು ಎರಡೂ ಸಾಲಿಗೆ ಹೇಳುತ್ತಲೇ ಇದ್ದಳು. ಸಂತೋಷ ತಡೆಯಲಾರದೆ ನಾನು, "ನನ್ನ ಬಂಗಾರಾ..." ಎಂದೆ.

"ಆಯೀ, ನಡುವ ಮಾತಾಡಬ್ಯಾಡ!" ಎಂದು ಗದರಿಬಿಟ್ಟಳು.

ನಾನು ಬೈಸಿಕೊಂಡು ಅಷ್ಟು ಖುಷಿಪಟ್ಟದ್ದು ಜೀವನದಲ್ಲಿ ಅದೊಂದೇ ಸಲ.