ಗೂಡಿನ ಹಂಡೆ ಮೇಲೆ ಪ್ಲುಟೋನಿಯಂ

ನಾಲ್ಕು ವರ್ಷದ ಹಿಂದೆ ನಾನು ಬೆಂಗಳೂರಿನ ಒಂದು ಕ್ಯಾನ್ಸರ್ ಆಸ್ಪತ್ರೆಯಲ್ಲಿ ರೇಡಿಯೇಷನ್ ಸೇಫ್ಟಿ ಆಫೀಸರ್ ಆಗಿದ್ದೆ. ವಿಕಿರಣ ಎಲ್ಲಿರಬೇಕೋ ಅಲ್ಲೇ ಇದೆಯೇ ಎಂದು ಕಾಯುವ ಕೆಲಸ. ಒಂದು ಬೆಳಿಗ್ಗೆ ಬೆಂಗಳೂರಿನ ಪಕ್ಕದ ವಿಜಯಪುರದಿಂದ ಅಕ್ಕನ ಗಂಡ ನಾರಾಯಣಪ್ಪ ಫೋನ್ ಮಾಡಿದರು. ಅಲ್ಲಿ ಅವರದು ರೇಷ್ಮೆ ನೂಲು ತೆಗೆಯುವ ಶೆಡ್.

"ಲೋ, ನಮ್ ಶೆಡ್ಡಲ್ಲಿ ಪ್ಲುಟೋನಿಯಂ ಐತಂತೆ. ಕೆಲ್ಸದೋರೆಲ್ಲ ಎದ್ದೋಗವ್ರೆ. ನಾಳೆ ಹೊತ್ಗೆ ಚಿಟ್ಟೆ ಗೂಡು ತೂತು ಮಾಡ್ಕೊಂಡು ಆಚೆ ಬತ್ತವೆ, ಆಮೇಲೆ ನೂಲೂ ಇಲ್ಲ, ಮಣ್ಣೂ ಇಲ್ಲ."

"ಯಾರೂ ಮುಟ್ಬೇಡಿ, ಕೆರೀಬೇಡಿ ಭಾವ. ಬಂದೆ."

ಹೀಗೆ ಹೇಳಿದ್ದಕ್ಕೆ ಕಾರಣವಿದೆ. ಪ್ಲುಟೋನಿಯಂ ಮುಖ್ಯವಾಗಿ ಸೂಸುವುದು ಆಲ್ಫಾ ಕಣ. ಅದನ್ನು ಒಂದು ಕಾಗದ ತಡೆಯುತ್ತದೆ. ಆದರೆ ಪುಡಿ ಉಸಿರಿನ ಜೊತೆ ಒಳಗೆ ಹೋಯಿತೋ, ಕಥೆ ಬೇರೆ.

ಹೋಗಿ ನೋಡಿದರೆ ಗೂಡು ಬೇಯಿಸುವ ಹಂಡೆಯ ಮುಚ್ಚಳದ ಮೇಲೆ, ಅದು ಏಳದಿರಲಿ ಎಂದು, ಒಂದು ಬೂದು ಇಟ್ಟಿಗೆ ಹೇರಿದ್ದರು. ಭಾವ ಗುಜರಿಯಲ್ಲಿ ಕೊಂಡದ್ದು. ಅದರ ಮೇಲೆ ವಿಕಿರಣದ ಎಚ್ಚರಿಕೆಯ ಮೂರು ದಳದ ಗುರುತಿನ ಹಳದಿ ಸ್ಟಿಕ್ಕರ್. ಕೆಲಸದ ಮುನಿಯಮ್ಮನ ಅಳಿಯ ಫೋಟೊ ನೋಡಿ, "ಭಾರ ಐತಾ? ಬಿಸಿ ಐತಾ? ಹಂಗಾದ್ರೆ ಪ್ಲುಟೋನಿಯಮ್ಮೇ" ಎಂದಿದ್ದನಂತೆ.

ಮೀಟರ್ ಹಿಡಿದೆ. ನಮ್ಮ ಆಸ್ಪತ್ರೆ ಕ್ಯಾಂಟೀನಿನಲ್ಲಿ ತೋರಿಸುವಷ್ಟೇ ತೋರಿಸಿತು. ಗ್ಲೌಸ್ ಹಾಕಿ ಕಾಗದದಲ್ಲಿ ಇಟ್ಟಿಗೆ ಒರೆಸಿ, ಆಲ್ಫಾ ಹಿಡಿಯುವ ಪ್ರೋಬಿನಲ್ಲೂ ನೋಡಿದೆ. ಏನೂ ಇರಲಿಲ್ಲ. ಅದು ವಿಕಿರಣಕ್ಕೆ ಅಡ್ಡ ಇಡುವ ಸೀಸದ ಇಟ್ಟಿಗೆ. ಪೊಲೀಸನನ್ನೇ ಕಳ್ಳ ಎಂದು ಹಿಡಿದುಕೊಂಡಿದ್ದರು.

ಹೊರಗೆ ಬಂದು, ಬೇಲಿಯ ಹತ್ತಿರ ನಿಂತಿದ್ದ ಕೆಲಸದವರಿಗೆ ಹೇಳಿದೆ. ಮುನಿಯಮ್ಮ ಬೇಲಿ ಬಿಟ್ಟು ಅಲ್ಲಾಡಲಿಲ್ಲ.

"ನಿಮ್ ಮಿಷನ್ಗೆ ಬ್ಯಾಟ್ರಿ ಐತಾ ನೋಡ್ಕಳಿ ಸಾಮಿ. ಮತ್ತೆ ಅದ್ಯಾಕೆ ಬಿಸಿ ಐತೆ?"

"ಹಂಡೆ ಮೇಲಿಟ್ರೆ ನೀನೂ ಬಿಸಿ ಆಗ್ತೀಯ" ಎಂದರು ಭಾವ. ಯಾರೂ ನಗಲಿಲ್ಲ.

ಅವಳ ಪ್ರಶ್ನೆ ನ್ಯಾಯವಾದದ್ದೇ. ಪ್ಲುಟೋನಿಯಂ ಗಟ್ಟಿ ಒಲೆಯಿಲ್ಲದೆ ತಾನೇ ಬೆಚ್ಚಗಿರುತ್ತದೆ, ಅದರ ಪರಮಾಣುಗಳು ಒಡೆಯುತ್ತಲೇ ಇರುವುದರಿಂದ. ರಿಯಾಕ್ಟರಿನಲ್ಲಿ ಯುರೇನಿಯಂನಿಂದ ಹುಟ್ಟುವ ಲೋಹ ಅದು. ಸೀಸಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಭಾರ. ಇಪ್ಪತ್ತನಾಲ್ಕು ಸಾವಿರ ವರ್ಷ ಕಳೆದರೂ ಅರ್ಧ ಉಳಿದಿರುತ್ತದೆ. ಬಕೆಟ್ ನೀರಿಗೆ ಬಗ್ಗುವ ಜಾತಿಯಲ್ಲ.

ಬಕೆಟ್ ಎಂದಾಗಲೇ ಹೊಳೆದದ್ದು. ಇಟ್ಟಿಗೆಯನ್ನು ಅಂಗಳಕ್ಕೆ ತಂದು ತಣ್ಣೀರಿನಲ್ಲಿ ಮುಳುಗಿಸಿದೆ. ಆಮೇಲೆ ತೆಗೆದು ನೆರಳಿನಲ್ಲಿಟ್ಟೆ.

"ಈಗ ಕಾಫಿ ಕುಡಿಯೋಣ. ಒಲೆ ಇಲ್ದೆ ಇದು ಮತ್ತೆ ಬೆಚ್ಚಗಾದ್ರೆ ಪ್ಲುಟೋನಿಯಂ. ನಾನೂ ನಿಮ್ ಜತೆ ಓಡ್ತೀನಿ."

ಎಲ್ಲರ ಕಣ್ಣೂ ಇಟ್ಟಿಗೆಯ ಮೇಲೆ. ಕಾಫಿ ಮುಗಿದ ಮೇಲೆ ಮೊದಲು ನಾನು ಬರಿಗೈಯಲ್ಲಿ ಮುಟ್ಟಿದೆ. ಆಮೇಲೆ ಮುನಿಯಮ್ಮ ಒಂದು ಬೆರಳಿಟ್ಟಳು, ನಿಧಾನಕ್ಕೆ ಇಡೀ ಅಂಗೈ ಇಟ್ಟಳು.

"ಸತ್ತೋಗೈತೆ" ಎಂದು ಸೆರಗು ಸಿಕ್ಕಿಸಿ ಶೆಡ್ಡಿಗೆ ನಡೆದಳು. ಉಳಿದವರೂ ಎದ್ದರು. ಸಂಜೆಯೊಳಗೆ ಗೂಡೆಲ್ಲ ಹಂಡೆಗೆ ಬಿದ್ದಿತ್ತು.

ಮೀಟರಿನ ಅಂಕಿ ನನ್ನ ಧೈರ್ಯಕ್ಕೆ ಸಾಕು, ಎದುರಿಗಿರುವವರಿಗೆ ಸಾಲದು. ದಿನವಿಡೀ ಬಿಸಿನೀರಿನಲ್ಲಿ ಎಳೆ ಹುಡುಕುವ ಬೆರಳಿಗೆ ಬಿಸಿ ತಣ್ಣಗಿನ ಭಾಷೆಯಲ್ಲೇ ಉತ್ತರ ಕೊಡಬೇಕು. ಅಂದಿನಿಂದ ಯಾರಿಗೆ ಏನು ವಿವರಿಸುವ ಮೊದಲೂ, ಇವರು ಯಾವುದನ್ನು ನಂಬುತ್ತಾರೆ ಎಂದು ನೋಡಿಕೊಳ್ಳುತ್ತೇನೆ.

ಹೊರಡುವಾಗ ಅಕ್ಕ ಇಟ್ಟಿಗೆ ಎತ್ತಿಕೊಂಡಳು. "ಇದನ್ನ ಉಪ್ಪಿನಕಾಯಿ ಜಾಡಿ ಮೇಲಿಡ್ತೀನಿ ಕಣೋ, ಒಳ್ಳೆ ಭಾರ ಐತೆ."

"ಬ್ಯಾಡಕ್ಕ, ಸೀಸಾನೂ ವಿಷವೇ. ನಾನು ತಗೊಂಡೋಗ್ತೀನಿ, ನೀನು ಕೈ ತೊಳ್ಕೊ."

ಅಕ್ಕ ನನ್ನನ್ನೊಮ್ಮೆ, ಇಟ್ಟಿಗೆಯನ್ನೊಮ್ಮೆ ನೋಡಿದಳು.

"ಇಷ್ಟೊತ್ತು ಎಲ್ರ ಕೈಲೂ ಮುಟ್ಟಿಸ್ದೆ, ಈಗ ಮುಟ್ಬ್ಯಾಡ ಅಂತೀಯ. ನಿನ್ನ ಓದ್ಸಿದ್ದೇ ದಂಡ."