ಮೀಟರಕ್ಕ ಇಳಿದ ಮೆಟ್ಟಿಲುಗಳು

ಮೂವತ್ತು ವರ್ಷ ಮನೆಮನೆ ತಿರುಗಿ ನೀರಿನ ಮೀಟರು ಓದಿದ ಹೆಂಗಸನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ತೊಡೆಯ ಮೇಲೆ ಅವಳದೇ ಚೀಲವಿಟ್ಟು, ವಿಮಾನ ನಿಲ್ದಾಣದ ಉದ್ದಗಲಕ್ಕೂ ತಳ್ಳಿಕೊಂಡು ಹೋದರೆ ಅವಳಿಗೆ ಹೇಗಾಗಬೇಡ? ಮೀಟರಕ್ಕನಿಗೆ ಮೈಯೆಲ್ಲ ಉರಿದುಹೋಗಿತ್ತು. ಆ ಉರಿಯನ್ನು ಯಾರ ಮೇಲೆ ತೀರಿಸಿಕೊಳ್ಳುವುದು? ಟಿಕೆಟ್ಟು ತೆಗೆಸಿದವಳು ತಂಗಿ. ‘ಪ್ರಯಾಣಿಕರಿಗೆ ನಡೆಯಲಾಗದು’ ಎಂದು ಅದರಲ್ಲಿ ಬರೆಸಿದವಳೂ ಅವಳೇ. ಆ ಪುಣ್ಯಾತ್ಗಿತ್ತಿಯೋ ಇನ್ನೊಂದು ವಿಮಾನ ಹತ್ತಿ ಇಳಿದರೆ ಸಿಗುವ ಊರಿನಲ್ಲಿ ಹಾಯಾಗಿ ಕೂತಿದ್ದಳು.

ಗುಡ್ಡದ ಬಡಾವಣೆಯ ನಾನೂರ ಹನ್ನೆರಡು ಮೀಟರುಗಳು ಮೀಟರಕ್ಕನ ಪಾಲಿಗಿದ್ದವು. ಕಬ್ಬಿಣದ ಕೊಕ್ಕೆಯಿಂದ ಗುಂಡಿಯ ಮುಚ್ಚಳ ಎತ್ತುವುದು, ಕುಕ್ಕರುಗಾಲಲ್ಲಿ ಕೂರುವುದು, ಗಾಜು ಒರೆಸಿ ಅಂಕಿ ನೋಡಿ ಬರೆದುಕೊಳ್ಳುವುದು, ಏಳುವುದು, ಮುಂದಿನ ಮನೆ. ಯಾವ ಮನೆಯ ನಾಯಿ ಬೊಗಳುತ್ತದೆ, ಯಾವ ಮನೆಯ ಯಜಮಾನ ಬೊಗಳುತ್ತಾನೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಬಡಾವಣೆಯವರೇ ಇಟ್ಟ ಹೆಸರು ಮೀಟರಕ್ಕ. ಕೊನೆಗೆ ಕಟ್ಟಿಕೊಂಡ ಗಂಡನೂ ಹಾಗೇ ಕರೆಯತೊಡಗಿದ್ದ.

ಎಂಟು ತಿಂಗಳ ಹಿಂದೆ ಅದೇ ಬಡಾವಣೆಯಲ್ಲಿ ಮೆಟ್ಟಿಲು ಇಳಿಯುವಾಗ ಕಾಲು ತಪ್ಪಿತು. ನೆಲ ಒದ್ದೆಯಿರಲಿಲ್ಲ, ಯಾರೂ ತಳ್ಳಲಿಲ್ಲ, ಸುಮ್ಮನೆ ತಪ್ಪಿತು. ಪಾದದ ಮೇಲಿನ ಮೂಳೆ ಮುರಿದು, ಒಂದು ಲೋಹದ ಪಟ್ಟಿ, ನಾಲ್ಕು ಸ್ಕ್ರೂ ಒಳಗೆ ಸೇರಿದವು. ಕಚೇರಿಯವರು ದೂರು ತೆಗೆದುಕೊಳ್ಳುವ ಕಿಟಕಿಯ ಹಿಂದೆ ಮೆತ್ತೆಯ ಕುರ್ಚಿ ಹಾಕಿ ಕೂರಿಸಿದರು. “ಕೂತಲ್ಲೇ ಸಂಬಳ, ಯಾರಿಗುಂಟು ಯಾರಿಗಿಲ್ಲ!” ಎಂದರು ಸಾಹೇಬರು. ಅವಳು ಬೀದಿಗೆ ಮರಳದಿದ್ದರೆ ಅವಳ ಬಡಾವಣೆಗೆ ಬೇರೆಯವರನ್ನು ಹಾಕಬೇಕಿತ್ತು. “ತಂಗಿ ಮನೆಗೆ ಹೋಗ್ಬನ್ನಿ. ಆದ್ರೆ ಸೋಮವಾರ ಬೆಳಿಗ್ಗೆ ಫೋನ್ ಮಾಡಿ ಒಂದು ಮಾತು ಹೇಳ್ಬಿಡಿ, ಕುರ್ಚಿಯೋ, ಬೀದಿಯೋ” ಎಂದಿದ್ದರು. ಇವತ್ತು ಭಾನುವಾರ.

ಬೀದಿ ಎನ್ನುವ ಮಾತು ಅವಳ ನಾಲಿಗೆ ತುದಿಯಲ್ಲೇ ನಿಂತಿತ್ತು. ಆದರೆ ಕಾಲು ಏನನ್ನುತ್ತದೋ ಯಾರಿಗೆ ಗೊತ್ತು? ಮೂಳೆ ಕೂಡಿದೆ, ಇನ್ನು ಮಿಕ್ಕಿದ್ದು ನಿಮ್ಮ ಧೈರ್ಯ ಎಂದಿದ್ದರು ಡಾಕ್ಟರು. ಧೈರ್ಯ ಮಾಡಲು ಮನೆಯವರು ಬಿಟ್ಟರೆ ತಾನೇ? ಮೂರು ಮೆಟ್ಟಿಲು ಕಂಡರೆ ಸಾಕು, ಗಂಡ ಬಂದು ಮೊಣಕೈ ಹಿಡಿಯುತ್ತಿದ್ದ. ಮಗಳು “ಅಮ್ಮಾ!” ಎಂದು ಕೂಗಿದ ಸದ್ದಿಗೇ ಅರ್ಧ ಬೀಳುವ ಹಾಗಾಗುತ್ತಿತ್ತು. ಸಮನೆಲದಲ್ಲಿ ಎಷ್ಟು ಬೇಕಾದರೂ ನಡೆಯುತ್ತಿದ್ದಳು. ಇಳಿಯುವ ಮೆಟ್ಟಿಲು ಎದುರಾದರೆ ಮಾತ್ರ ಅಂಗೈ ಬೆವರುತ್ತಿತ್ತು.

ಗಾಲಿಕುರ್ಚಿ ತಳ್ಳುವ ಮೀಸೆಯ ಮನುಷ್ಯ ಅವಳನ್ನು ಒಂದು ಕಂಬದ ಪಕ್ಕ ನಿಲ್ಲಿಸಿದ. “ಮುಂದಿನ ವಿಮಾನ ಸಾಯಂಕಾಲ ಆರಕ್ಕೆ. ಆರಾಮಾಗಿ ಕೂತಿರಿ ಅಮ್ಮ” ಎಂದು ಹೇಳಿ ಟೀ ತರಲು ಹೋದ. ಆಗಿನ್ನೂ ಬೆಳಿಗ್ಗೆ ಒಂಬತ್ತೂವರೆ. ಎದುರಿನ ದೊಡ್ಡ ಗಾಜಿನಾಚೆ ಊರು ಕಾಣುತ್ತಿತ್ತು. ಊರಿನ ನಡುವೆ ಒಂದು ಗುಡ್ಡ, ಗುಡ್ಡದ ನೆತ್ತಿಯ ಮೇಲೆ ದುಂಡಗಿನ ನೀರಿನ ಟ್ಯಾಂಕು. ಟ್ಯಾಂಕು ಇದ್ದಲ್ಲಿ ಹತ್ತಲು ಮೆಟ್ಟಿಲು ಇರಲೇಬೇಕು, ಅದು ಅವಳಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ.

ಆಗ ಅವಳಿಗೆ ಹೊಳೆಯಿತು. ಈ ಊರಿನಲ್ಲಿ ತನ್ನ ಗುರುತಿನವರು ಒಬ್ಬರೂ ಇಲ್ಲ. ಎಂಟು ತಿಂಗಳಲ್ಲಿ ಮೊದಲ ಸಲ ತನ್ನ ಕಾಲಿನ ಮೇಲೆ ಯಾರ ಕಣ್ಣೂ ಇಲ್ಲ. ಬಿದ್ದರೂ ಎದ್ದರೂ ಅದು ತನ್ನದೇ. ಇಂಥ ದಿನ ಇನ್ನು ಸಿಕ್ಕೀತೇ? ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ನಿಂತಳು.

ಟೀ ಹಿಡಿದು ಬರುತ್ತಿದ್ದವನು ದೂರದಿಂದಲೇ ಕೂಗಿದ. “ಅಮ್ಮಾ, ಎದ್ದೇಳ್ಬೇಡಿ! ನಿಮ್ಮನ್ನ ನನ್ನ ಲೆಕ್ಕಕ್ಕೆ ಬರ್ಕೊಂಡಿದೀನಿ.”

“ಬರ್ಕೊಂಡಿದ್ರೆ ಇರ್ಲಿ ಅಣ್ಣ. ನಾಲ್ಕೂವರೆಗೆ ವಾಪಸ್ ನಿಮ್ಮ ಕೈಗೇ ಒಪ್ಪಿಸ್ಕೋತೀನಿ.”

“ಬರದೇ ಹೋದ್ರೆ ನನ್ನ ಕೆಲಸ ಹೋಗುತ್ತೆ.”

“ಹೋಗದೇ ಇದ್ರೆ ನನ್ನ ಕೆಲಸ ಹೋಗುತ್ತೆ” ಎಂದು ಅವಳು ಟೀ ಕುಡಿದು, ಲೋಟ ಅವನ ಕೈಗೇ ಕೊಟ್ಟು ನಡೆದಳು.

ಹೊರಗೆ ಬಿಡುವ ಕಿಟಕಿಯಲ್ಲಿ ಕೂತ ಅಧಿಕಾರಿ ಟಿಕೆಟ್ಟು ನೋಡಿದ, ಅವಳನ್ನು ನೋಡಿದ, ಮತ್ತೆ ಟಿಕೆಟ್ಟು ನೋಡಿದ. “ನಡೆಯೋಕಾಗಲ್ಲ ಅಂತ ಇದೆಯಲ್ರೀ ಇದ್ರಲ್ಲಿ?”

“ಬರೆಸಿದ್ದು ನನ್ನ ತಂಗಿ ಸಾರ್. ಚಿಕ್ಕಂದಿನಿಂದ್ಲೂ ಅವಳು ಹಾಗೇ, ಇದ್ದದ್ದೊಂದು, ಹೇಳೋದೊಂದು.”

“ಮತ್ತೆ ನಡೀತೀರಾ?”

ಮೀಟರಕ್ಕ ಸಾಲಿನ ಕೊನೆಯವರೆಗೆ ಬಿರಬಿರನೆ ನಡೆದುಹೋಗಿ, ತಿರುಗಿ ಬಂದು ಕಿಟಕಿಯ ಮುಂದೆ ನಿಂತಳು. ಸಾಲಿನಲ್ಲಿದ್ದವರು ನಕ್ಕರು. ಅಧಿಕಾರಿ ನಗಲಿಲ್ಲ, ಆದರೆ ಮುದ್ರೆ ಒತ್ತಿದ.

ಬಸ್ಸಿನಲ್ಲಿ ಕೂತು ಟ್ಯಾಂಕಿನ ಮೇಲಿನ ಕಣ್ಣು ಕೀಳದೆ, ಅದು ತಲೆಯ ಮೇಲೆಯೇ ಬಂದಂತಾದಾಗ ಇಳಿದಳು. ಎರಡು ಅಂಗಡಿಗಳ ನಡುವೆ ಕಲ್ಲಿನ ಮೆಟ್ಟಿಲು ಮೇಲಕ್ಕೆ ಹೋಗಿತ್ತು. ಎರಡೂ ಕಡೆ ಅಂಟಿಕೊಂಡ ಮನೆಗಳು, ಒಗೆದು ಹಾಕಿದ ಬಟ್ಟೆ, ಅಂಚಿಗೆ ಕೊಳವೆ, ಮನೆಗೊಂದು ಮೀಟರು ಗುಂಡಿ. ನೋಡುತ್ತಲೇ ಅವಳಿಗೆ ತವರಿಗೆ ಬಂದ ಹಾಗಾಯಿತು. ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತ, ಮುಚ್ಚಳ ಸರಿಯಾಗಿ ಕೂರದ ಗುಂಡಿಗಳನ್ನು ಕಂಡು ಬೈದುಕೊಳ್ಳುತ್ತ ನೆತ್ತಿ ಮುಟ್ಟಿದಳು. ಕಾಲು ಕಿಮಕ್ಕೆನ್ನಲಿಲ್ಲ.

ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಬ್ರೆಡ್ಡು ತಿಂದಳು. ಗಾಳಿ ಚೆನ್ನಾಗಿತ್ತು. ಊರೆಲ್ಲ ಕಾಲಡಿಗೆ ಬಿದ್ದಿತ್ತು. ಏಳಬೇಕು ಎಂದುಕೊಂಡು ಎದ್ದು ಮೆಟ್ಟಿಲ ತುದಿಗೆ ಬಂದು ಕೆಳಗೆ ನೋಡಿದಳು, ಅಷ್ಟೆ. ಅಂಗೈ ಬೆವರಿತು. ಕಾಲು ಮುಂದಕ್ಕೆ ಬರಲಿಲ್ಲ. ಹತ್ತುವವರು ಯಾರು ಬೇಕಾದರೂ ಹತ್ತುತ್ತಾರೆ, ಮುರಿದದ್ದು ಇಳಿಯುವಾಗ. ಹೀಗೇ ಕಾಲು ಗಂಟೆ ನಿಂತಳು. ಯಾರನ್ನಾದರೂ ಕರೆದು ಕೈ ಹಿಡಿದು ಇಳಿಸಿ ಎನ್ನಲೇ ಎಂದು ಯೋಚಿಸಿದಳು. ಹಾಗೆ ಯೋಚಿಸಿದ್ದಕ್ಕೆ ಅವಳಿಗೆ ಅಳು ಬಂತು.

ಅಷ್ಟರಲ್ಲಿ ಒಬ್ಬ ಹೆಂಗಸು ಎರಡು ಕೈಯಲ್ಲೂ ನೀರಿನ ಕ್ಯಾನು ಹಿಡಿದು ಏದುಸಿರು ಬಿಡುತ್ತ ಮೇಲೆ ಬಂದಳು. ಮೇಲಿನ ಕೊನೆಯ ಮನೆ ಅವಳದು. ಟ್ಯಾಂಕಿನ ನೆರಳು ಅವಳ ಬಾಗಿಲ ಮೇಲೇ ಬಿದ್ದಿತ್ತು. ಇಂಥ ಮನೆಗೆ ಕೆಳಗಿನಿಂದ ನೀರು ಹೊರುವುದೆಂದರೆ? ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

“ಮನೇಲಿ ನೀರು ಬರಲ್ವಾ?” ಎಂದಳು ಮೀಟರಕ್ಕ ಕಣ್ಣೊರೆಸಿಕೊಂಡು.

“ಎರಡು ತಿಂಗಳಾಯ್ತು ಅಕ್ಕ, ನಲ್ಲಿ ತಿರುಗಿಸಿದ್ರೆ ತೊಟ್ಟಿಕ್ಕುತ್ತೆ. ಟ್ಯಾಂಕ್ ಪಕ್ಕದ ಮನೆಗೆ ರಭಸ ಇರಲ್ಲ, ಅದು ಹಾಗೇ ಅಂತಾರೆ ಆಫೀಸಿನೋರು.”

“ಎರಡು ತಿಂಗಳ ಹಿಂದೆ ಮನೆ ಎಲ್ಲಿತ್ತು? ಇಲ್ಲೇ ತಾನೇ? ಆಗ ಬರ್ತಿತ್ತು ತಾನೇ?”

“ಹೌದಲ್ವಾ!” ಎಂದಳು ಆ ಹೆಂಗಸು, ಆ ಮಾತು ಈಗ ಹೊಳೆದವಳಂತೆ.

“ಕೆಳಗೆಲ್ಲೋ ಕೊಳವೆ ಒಡೆದಿದೆ. ಒಂದು ಉದ್ದನೆ ಕಬ್ಬಿಣದ ಸರಳು ಕೊಡಿ.”

ಸರಳಿನ ಒಂದು ತುದಿಯನ್ನು ಕೊಳವೆಗೆ ಒತ್ತಿ, ಇನ್ನೊಂದು ತುದಿಗೆ ಕಿವಿ ಇಟ್ಟಳು. ನೀರು ಸೋರುವ ಕಡೆ ಕೊಳವೆ ಸದ್ದು ಮಾಡುತ್ತದೆ, ಹತ್ತಿರ ಹೋದಷ್ಟೂ ಸದ್ದು ಜೋರಾಗುತ್ತದೆ. ಹಳೇ ಕಾಲದ ಈ ವಿದ್ಯೆಯನ್ನು ಅವಳಿಗೆ ಕಲಿಸಿದ್ದು ನಿವೃತ್ತನಾಗಲಿದ್ದ ಒಬ್ಬ ಪ್ಲಂಬರು. ಮೇಲೆ ಸದ್ದು ಸಣ್ಣಗಿತ್ತು. “ಇಲ್ಲಲ್ಲ, ಇನ್ನೂ ಕೆಳಗೆ” ಎಂದಳು. ಎರಡು ಮನೆ ದಾಟಿ ಮತ್ತೆ ಕಿವಿಗೊಟ್ಟಳು. “ಇನ್ನೂ ಕೆಳಗೆ.” ಬಾಗಿಲುಗಳು ತೆರೆದವು. ಎಲ್ಲರ ಮನೆಯಲ್ಲೂ ನೀರು ಕಡಿಮೆಯೇ ಆಗಿತ್ತಂತೆ, ಎಲ್ಲರೂ ಪಕ್ಕದ ಮನೆಯವರೇ ಹೆಚ್ಚು ಹಿಡಿಯುತ್ತಾರೆಂದು ಒಬ್ಬರನ್ನೊಬ್ಬರು ಶಪಿಸಿಕೊಂಡಿದ್ದರಂತೆ. “ಗಲಾಟೆ ಮಾಡ್ಬೇಡಿ, ಕೇಳಿಸಲ್ಲ!” ಎಂದು ಮೀಟರಕ್ಕ ಗದರಿದಳು. ಬೀದಿಗೆ ಬೀದಿಯೇ ಬಾಯಿ ಮುಚ್ಚಿಕೊಂಡು ಅವಳ ಹಿಂದೆ ಇಳಿಯಿತು.

ಕೊನೆಗೆ ಒಂದೆಡೆ ಸರಳಿನೊಳಗೆ ನೀರು ಕೊತಕೊತ ಕುದಿದಂತೆ ಕೇಳಿಸಿತು. “ಈ ಕಲ್ಲು ಎತ್ತಿ” ಎಂದಳು. ಇಬ್ಬರು ಗಂಡಸರು ಹಾರೆ ಹಾಕಿ ಚಪ್ಪಡಿ ಎತ್ತಿದರು. ಕೆಳಗೆ ಕೊಳವೆ ಬಾಯಿಬಿಟ್ಟು, ನೀರು ಯಾರ ಕಣ್ಣಿಗೂ ಬೀಳದೆ ನೇರ ಚರಂಡಿಗೆ ಓಡುತ್ತಿತ್ತು. ಯಾರೋ ಹಳೇ ಸೈಕಲ್ ಟ್ಯೂಬು ತಂದುಕೊಟ್ಟರು. ಮೀಟರಕ್ಕ ಕುಕ್ಕರುಗಾಲಲ್ಲಿ ಕೂತು, ಮುಖಕ್ಕೆಲ್ಲ ನೀರು ಎರಚಿಸಿಕೊಂಡು, ಅದನ್ನು ಬಿಗಿಯಾಗಿ ಸುತ್ತಿ ತಂತಿ ಕಟ್ಟಿದಳು. “ಇದು ನಾಲ್ಕು ದಿನಕ್ಕೆ ಮಾತ್ರ. ಆಫೀಸಿನೋರನ್ನ ಕರ್ಕೊಂಡ್ಬಂದು ಕೊಳವೆ ಬದಲಾಯಿಸಿ.”

“ಬಂತೂ! ಬಂತೂ!” ಎಂದು ಮೇಲಿನಿಂದ ಕೂಗು ಕೇಳಿಸಿತು. ಕ್ಯಾನಿನ ಹೆಂಗಸು ತನ್ನ ಮನೆಯ ಮುಂದೆ ನಿಂತು ಎರಡೂ ಕೈ ಬೀಸುತ್ತಿದ್ದಳು. ಮೀಟರಕ್ಕ ತಲೆಯೆತ್ತಿ ನೋಡಿದಳು. ಆಕೆ ಬೆರಳುದ್ದ ಕಾಣುತ್ತಿದ್ದಳು.

ಅಷ್ಟು ಮೇಲೆ! ಅಷ್ಟೂ ಮೆಟ್ಟಿಲು ಇಳಿದವರು ಯಾರು? ತಾನೇ. ಯಾರೂ ಮೊಣಕೈ ಹಿಡಿದಿರಲಿಲ್ಲ. ಹೆದರಬೇಕೆಂಬುದು ನೆನಪೇ ಇರಲಿಲ್ಲ.

ಜನ ಕುರ್ಚಿ ತಂದರು, ಶರಬತ್ತು ತಂದರು. ಶರಬತ್ತು ಕುಡಿದಳು, ಕುರ್ಚಿ ಬೇಡವೆಂದಳು. ಗಂಟೆ ಎರಡೂವರೆ. ಈಗ ಬಸ್ಸು ಹಿಡಿದಿದ್ದರೆ ನಿರಾಳವಾಗಿ ನಿಲ್ದಾಣ ಮುಟ್ಟಬಹುದಿತ್ತು. ಆದರೆ ಮೀಟರಕ್ಕ ಅಂಕಿಯನ್ನು ಎರಡು ಸಲ ನೋಡದೆ ಬರೆದುಕೊಳ್ಳುವವಳಲ್ಲ. ಮೈಮರೆತು ಇಳಿದದ್ದು ಇಳಿದದ್ದಾಯಿತೇ? ನಾಳೆ ಸಾಹೇಬರಿಗೆ ಏನು ಹೇಳುವುದು, ಅಕಸ್ಮಾತ್ತಾಗಿ ಇಳಿದೆ ಎಂದೇ? ಸರಳನ್ನು ಎತ್ತಿಕೊಂಡು ಮತ್ತೆ ಮೇಲಕ್ಕೆ ಹೊರಟಳು.

“ಏನಾದ್ರೂ ಮರೆತ್ರಾ ಅಕ್ಕ?” ಎಂದು ಯಾರೋ ಕೇಳಿದರು.

“ಹೂಂ, ಇಳಿಯೋದನ್ನ ಮರ್ತಿದ್ದೆ.”

ನೆತ್ತಿಯಲ್ಲಿ ಸರಳನ್ನು ಅದರ ಮನೆಗೆ ಒಪ್ಪಿಸಿ, ಬರಿಗೈಯಲ್ಲಿ ಮೆಟ್ಟಿಲ ತುದಿಗೆ ಬಂದಳು. ಅಂಗೈ ಬೆವರಿತು. ಬೆವರಲಿ ಎಂದು ಕಾಲಿಟ್ಟಳು. ಈ ಸಲ ಒಂದೊಂದು ಮೆಟ್ಟಿಲನ್ನೂ ಕಣ್ಣಾರೆ ನೋಡಿಕೊಂಡು ಇಳಿದಳು. ನಡುವೆ ಒಮ್ಮೆ ಪಾದ ಚುಳ್ ಎಂದಿತು, ನಿಂತಳು, ಮತ್ತೆ ಇಳಿದಳು. ಯಾವಾಗಲೋ ಬೆವರು ನಿಂತುಹೋಗಿತ್ತು. ಕೊನೆಯ ಹತ್ತು ಮೆಟ್ಟಿಲನ್ನು ದಡದಡನೆ ಇಳಿದು ರಸ್ತೆಗೆ ಬಂದಾಗ ಅವಳಿಗಾದ ಸಂತೋಷ ಹೇಳತೀರದು.

ಬಸ್ಸು ತಡವಾಯಿತು. ನಿಲ್ದಾಣ ಸೇರಿದಾಗ ಐದಕ್ಕೆ ಹತ್ತು ನಿಮಿಷ. ಬಾಗಿಲಲ್ಲಿ ಮೀಸೆಯವನು ಗಾಲಿಕುರ್ಚಿಯ ಹಿಂದೆ ನಿಂತು ಕೈ ಕೈ ಹಿಸುಕಿಕೊಳ್ಳುತ್ತಿದ್ದ. “ಕೂತ್ಕೊಳ್ಳಿ ಅಮ್ಮ, ಓಡಿಸ್ಕೊಂಡು ಹೋಗ್ತೀನಿ!”

“ಅಣ್ಣ, ನೀವು ತಳ್ಳೋಷ್ಟರಲ್ಲಿ ನಾನೇ ಹೋಗಿರ್ತೀನಿ” ಎಂದು ಅವಳು ಮುಂದೆ ಹೋದಳು. ಬರೆದುಕೊಂಡ ತಪ್ಪಿಗೆ ಅವನು ಖಾಲಿ ಕುರ್ಚಿ ತಳ್ಳಿಕೊಂಡು ಏದುತ್ತ ಹಿಂದೆ ಓಡಿದ. ವಿಮಾನದ ಬಾಗಿಲಲ್ಲಿ ಅವಳಿಂದ ಸಹಿ ಹಾಕಿಸಿಕೊಂಡು, ಹಣೆ ಒರೆಸಿಕೊಂಡು ನಕ್ಕ.

ಆ ಸಾಯಂಕಾಲ ಇನ್ನೊಂದು ಊರಿನ ನಿಲ್ದಾಣದಲ್ಲಿ ತಂಗಿ ಕಂಬಿಗೆ ಒರಗಿ ನಿಂತು, ಹೊರಗೆ ಬರುವ ಗಾಲಿಕುರ್ಚಿಗಳನ್ನೆಲ್ಲ ಬಗ್ಗಿ ಬಗ್ಗಿ ನೋಡುತ್ತಿದ್ದಳು. ಯಾರೋ ಬಂದು ಪಕ್ಕದಲ್ಲಿ ನಿಂತರು. “ಸ್ವಲ್ಪ ಸರೀರಿ, ನಮ್ಮಕ್ಕ ವೀಲ್‌ಚೇರಲ್ಲಿ ಬರ್ತಿದಾಳೆ” ಎಂದಳು ತಂಗಿ, ಮುಖ ತಿರುಗಿಸದೆ.

“ಬರಲ್ಲ ಕಣೇ, ಬಂದಾಯ್ತು. ನಾಳೆ ಬೆಳಿಗ್ಗೆ ಫೋನ್ ಮಾಡಿ ಬೀದಿ ಅಂತ ಹೇಳೋದೊಂದು ಬಾಕಿ. ನಿನ್ನ ಮನೆ ಎಷ್ಟನೇ ಮಹಡಿ?”

ತಂಗಿ ತಿರುಗಿ, ಅಕ್ಕನ ಹಿಂದೆ ಗಾಲಿಕುರ್ಚಿ ಎಲ್ಲಿದೆಯೆಂದು ಹುಡುಕಿದಳು. “ನಾ... ನಾಲ್ಕನೇದು ಅಕ್ಕ. ಹೆದರ್ಕೋಬೇಡ, ಲಿಫ್ಟ್ ಇದೆ.”

“ಇರ್ಲಿ ಬಿಡು, ನೀನು ಅದ್ರಲ್ಲಿ ಬಾ” ಎಂದಳು ಮೀಟರಕ್ಕ.