ಮೊದಲು ಮೈನಸ್ಸು

ಕಾರಿನ ಬ್ಯಾಟರಿಗೆ ತನ್ನದೇ ಒಂದು ವಾಸನೆ ಇದೆ. ಬಾನೆಟ್ ಎತ್ತಿದ ಕೂಡಲೇ ಮೂಗಿಗೆ ಬರುವುದು ಎಣ್ಣೆ, ಧೂಳು, ಕಾದ ರಬ್ಬರು. ಇದು ಅವುಗಳ ಹಿಂದಿನಿಂದ, ಸ್ವಲ್ಪ ತಡವಾಗಿ, ಹುಳಿಹುಳಿಯಾಗಿ ಬರುತ್ತದೆ. ಹೆಚ್ಚಿನವರಿಗೆ ಗೊತ್ತೂ ಆಗುವುದಿಲ್ಲ. ನನಗೆ ಗೊತ್ತಾಗುತ್ತದೆ. ಬಾನೆಟ್ ತೆರೆದು ನಿಂತ ಕಾರು ಕಂಡರೆ ನಾನು ರಸ್ತೆ ದಾಟಿ ಆಚೆ ಬದಿಗೆ ನಡೆಯುವವನು. ಕಾರು ತಳ್ಳುವ ಕೆಲಸ ತಪ್ಪಿಸಿಕೊಳ್ಳುತ್ತಾನೆ ಎಂದು ನೋಡಿದವರು ಅಂದುಕೊಂಡಿರಬಹುದು. ಅದೂ ಪೂರ್ತಿ ಸುಳ್ಳಲ್ಲ ಅನ್ನಿ.

ಮೊನ್ನೆ ರವಿವಾರ ಧಾರವಾಡದ ನಮ್ಮ ಮನೆಯ ಮುಂದೆ ಮಗಳು ತನ್ನ ಕಾರಿನ ಬಾನೆಟ್ ಎತ್ತಿದ್ದಳು. ಕೀಲಿ ತಿರುಗಿಸಿದಾಗ ಎಂಜಿನ್ನನ್ನು ಎಬ್ಬಿಸುವ ಸೆಲ್ಫ್ ಮೋಟಾರು ಒಮ್ಮೊಮ್ಮೆ ಹಟ ಹಿಡಿಯುತ್ತಿತ್ತಂತೆ. ಅದರ ವಾಯರು ಸಡಿಲಾಗಿರಬೇಕು ಎಂದು ಅವಳ ಅನುಮಾನ. ಇಂಥವನ್ನೆಲ್ಲ ಈಗ ಫೋನಿನಲ್ಲಿ ನೋಡಿ ಕಲಿಯುತ್ತಾರೆ. ನಾನು ಚಹಾದ ಕಪ್ಪು ಹಿಡಿದು ಬಾಗಿಲಲ್ಲಿದ್ದೆ. ಅವಳು ಬಗ್ಗಿದಳು. ಬಲಗೈಯಲ್ಲಿ ನಟ್ಟು ತಿರುಗಿಸುವ ಪಾನಾ, ಅದೇ ಕೈಗೆ ಸ್ಟೀಲ್ ಪಟ್ಟಿಯ ಗಡಿಯಾರ. ಅಷ್ಟರಲ್ಲಿ ಆ ವಾಸನೆ ಬಂತು.

"ತಡೀ!" ಎಂದು ಒದರಿದೆ. ಎದುರು ಮನೆಯವರು ಕಿಟಕಿಗೆ ಬಂದರು. ಚಹಾ ನನ್ನ ಪಾದದ ಮೇಲೆ ಚೆಲ್ಲಿತು. ಮಗಳ ಕೈ ಗಾಳಿಯಲ್ಲೇ ನಿಂತಿತು.

"ಏನಾತಪಾ? ಹಾವು ಕಂಡವರಂಗ ಒದರ್ತಿಯಲ್ಲ!"

"ಮೈನಸ್ ತಗದಿ?"

"ಇಲ್ಲ. ಬರೇ ಒಂದ ನಟ್ ಬಿಗಿ ಮಾಡೋದೈತಿ."

ಬರೇ ಒಂದು ನಟ್ಟು. ಈ ಮಾತನ್ನು ನಾನು ಮೊದಲು ಕೇಳಿದ್ದು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ, ನಮ್ಮ ಕಾಕಾನ ಬಾಯಲ್ಲಿ.

ಕಾಕಾ ನನ್ನ ತಂದೆಯ ತಮ್ಮ. ಹತ್ತಿಯ ವ್ಯಾಪಾರ. ಹುಬ್ಬಳ್ಳಿಯ ಕಾಲೇಜೊಂದರಲ್ಲಿ ನನಗೆ ಹೊಸದಾಗಿ ಕೆಲಸ ಸಿಕ್ಕಾಗ ಅವರ ಮನೆಯಲ್ಲೇ ಇದ್ದೆ. ಮನೆಯಲ್ಲಿ ಕಾಕಾ, ಅವರ ಹೆಂಡತಿ ಕಾಕು, ಮತ್ತು ಆಯಿ, ಅಂದರೆ ನಮ್ಮ ಅಜ್ಜಿ. ಇವರಲ್ಲದೆ ಬೂದುಬಣ್ಣದ ಒಂದು ಕಾರು. ಹತ್ತಿ ನೋಡಲು ಸುಳ್ಳ, ಶಿರಗುಪ್ಪಿ ಹಳ್ಳಿಗಳ ಕಡೆ ಹೋಗಿ ಬಂದರೆ ಅದು ಎರಡು ದಿನ ಕರಿಮಣ್ಣಿನ ಬಣ್ಣಕ್ಕೇ ಇರುತ್ತಿತ್ತು. ಕಾಕಾ ಅದನ್ನು ಗ್ಯಾರೇಜಿಗೆ ಬಿಟ್ಟವರಲ್ಲ. ಕಾರನ್ನು ಇನ್ನೊಬ್ಬರ ಕೈಗೆ ಕೊಡುವುದು ಅವರಿಗೆ ಹಲ್ಲುಜ್ಜಲು ಆಳು ಇಟ್ಟುಕೊಂಡಷ್ಟು ನಾಚಿಕೆಯ ಸಂಗತಿ. ರವಿವಾರ ಬೆಳಿಗ್ಗೆ ಸ್ನಾನ, ಪೂಜೆ, ನಾಷ್ಟಾ, ಆಮೇಲೆ ಬಾನೆಟ್ಟು. ಈ ಕ್ರಮ ತಪ್ಪುತ್ತಿರಲಿಲ್ಲ.

ಪೂಜೆ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾಕಾ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಪೂಜಿಸಿ, ಅದನ್ನು ಅರಿವೆಯಲ್ಲಿ ಸುತ್ತಿ, ಬೆಳ್ಳಿಯ ಕರಡಿಗೆಯಲ್ಲಿಟ್ಟು, ಶಿವದಾರವನ್ನು ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಹಾಕಿಕೊಂಡ ಮೇಲೆ ಅದು ಮೈ ಬಿಟ್ಟು ಅಗಲಬಾರದು. ಉಣ್ಣುವಾಗ, ಮಲಗುವಾಗ, ಸಂತೆಯಲ್ಲಿ, ಪ್ರಯಾಣದಲ್ಲಿ, ಎಲ್ಲಿದ್ದರೂ ಎದೆಯ ಮೇಲೆಯೇ ಇರಬೇಕು. ಬೇರೆ ದಿನ ಅಂಗಿಯ ಒಳಗಿರುತ್ತಿತ್ತು. ರವಿವಾರ ಕಾಕಾ ಬರೀ ಬನಿಯನ್ನಿನಲ್ಲಿ ಇರುತ್ತಿದ್ದುದರಿಂದ ಹೊರಗೇ ಜೋತಾಡುತ್ತಿತ್ತು. ಎಂಜಿನ್ನಿನ ಮೇಲೆ ಬಗ್ಗಿದರೆ ತೊಟ್ಟಿಲಿಗೆ ಕಟ್ಟಿದ ಗಿಳಿಯ ಹಾಗೆ ತೂಗುತ್ತಿತ್ತು. ನಾವೆಲ್ಲ ಅದನ್ನು ಎಷ್ಟೋ ಸಲ ನೋಡಿದ್ದೆವು, ಯಾರಿಗೂ ಏನೂ ಅನಿಸಿರಲಿಲ್ಲ. ಕೆಲಸ ಶುರುಮಾಡುವ ಮೊದಲು ಕಾಕಾ ಬ್ಯಾಟರಿಯ ಮೈನಸ್ ವಾಯರನ್ನು ಬಿಚ್ಚಿಡುತ್ತಿದ್ದರು. ಹಾಗಾಗಿ ಏನೂ ಆಗಿಯೂ ಇರಲಿಲ್ಲ.

ಆ ರವಿವಾರ ಶಿರಗುಪ್ಪಿಯಲ್ಲಿ ಕಾಕುವಿನ ಅಣ್ಣನ ಮಗಳ ಕುಬುಸ, ಅಂದರೆ ಸೀಮಂತ. ಕಾಕು ಇಳಕಲ್ ಸೀರೆ ಉಟ್ಟು ತಯಾರಾಗಿದ್ದರು. ಕಾರು ಮಾತ್ರ ತಯಾರಿರಲಿಲ್ಲ. ಕೀಲಿ ತಿರುಗಿಸಿದರೆ ಟಕ್ ಎಂದು ಸುಮ್ಮನಾಗುತ್ತಿತ್ತು. ಕಾಕಾ ಆಗಲೇ ಹಾಕಿಕೊಂಡಿದ್ದ ಅಂಗಿ ತೆಗೆದು ನನ್ನ ಕೈಗೆ ಕೊಟ್ಟು ಬಾನೆಟ್ ಎತ್ತಿದರು. ಕಾಕು ಸುಮ್ಮನೆ ಯಾಕೆ ನಿಲ್ಲಬೇಕೆಂದು ಕೋಲು ತೆಗೆದುಕೊಂಡು ಎತ್ತರದ ತಂತಿಯ ಮೇಲಿನ ಒಣ ಬಟ್ಟೆ ಇಳಿಸತೊಡಗಿದರು.

"ಯಾವಾಗಲೂ ಆ ಕರೇ ವಾಯರ್ ಬಿಚ್ಚತಿದ್ರಿ. ಇವತ್ಯಾಕ ಬಿಚ್ಚವಲ್ರಿ?" ಎಂದರು ಕಾಕು.

"ಬರೇ ಒಂದ ನಟ್ ಐತಿ. ಅದನ್ನ ಬಿಚ್ಚಿ ಮತ್ತ ಕಟ್ಟೂದರಾಗ ನಿನ್ನ ತೌರಮನಿಯವರು ಉಂಡು ಮಕ್ಕೋತಾರ."

"ಅವರೇನ ನಿಮ್ಮಂಗ ಹೊತ್ತಿಗೆ ಮದಲ ಉಣ್ಣವರಲ್ಲ ಬಿಡ್ರಿ."

ಮುಂದಿನದನ್ನು ನಾನು ಕಂಡ ಕ್ರಮದಲ್ಲೇ ಹೇಳುತ್ತೇನೆ. ಕಾಕಾ ನಟ್ಟು ಹುಡುಕುತ್ತ ಇನ್ನಷ್ಟು ಬಗ್ಗಿದರು. ಕರಡಿಗೆ ಮುಂದಕ್ಕೆ ತೂಗಿತು. ಅದರ ಒಂದು ತುದಿ ಬ್ಯಾಟರಿಯ ಪ್ಲಸ್ಸಿಗೆ ತಾಗಿತು, ಇನ್ನೊಂದು ತುದಿ ಬ್ಯಾಟರಿಯನ್ನು ಬಿಗಿದಿಟ್ಟ ಕಬ್ಬಿಣದ ಪಟ್ಟಿಗೆ. ಚಟಾರನೆ ಸದ್ದು, ಕಣ್ಣು ಕುಕ್ಕುವ ಬೆಳಕು, ಹಿಂದೆಯೇ ಆ ಹುಳಿ ವಾಸನೆ. ಕಾಕಾ ತಲೆ ಎತ್ತಲು ಹೋದರು, ಎತ್ತಲಾಗಲಿಲ್ಲ. ಬೆಳ್ಳಿ ಕರಗಿ ಕಬ್ಬಿಣಕ್ಕೆ ಅಂಟಿತ್ತು. ಶಿವದಾರ ಕೊರಳನ್ನು ಕೆಳಗೆ ಹಿಡಿದಿತ್ತು.

ದಾರವನ್ನು ತಲೆಯ ಮೇಲಿನಿಂದ ಕಳಚಿ ಹಿಂದೆ ಸರಿದಿದ್ದರೆ ಮುಗಿಯುತ್ತಿತ್ತು. ನೀವಾದರೂ ಹಾಗೇ ಮಾಡುತ್ತಿದ್ದಿರಿ. ಕಾಕಾ ಹಾಗೆ ಮಾಡಲಿಲ್ಲ. ಕಾದು ಸುಡುತ್ತಿದ್ದ ಕರಡಿಗೆಯನ್ನು ಬರಿಗೈಯಲ್ಲಿ ಮುಚ್ಚಿ ಹಿಡಿದರು.

ಅವರಿಗೆ ಕರೆಂಟು ಹೊಡೆದಿದೆ ಎಂದೇ ನಾನು ತಿಳಿದೆ. ಕಾರಿನ ಬ್ಯಾಟರಿ ಹಾಗೆ ಹೊಡೆಯುವುದಿಲ್ಲ, ಸುಡುತ್ತದೆ, ಕೆಲವೊಮ್ಮೆ ಮುಖದ ಮೇಲೆ ಸಿಡಿಯುತ್ತದೆ ಎಂಬುದು ಆಮೇಲೆ ತಿಳಿದದ್ದು. ಆಗ ನಾನು ಅವರ ಅಂಗಿಯನ್ನು ನೆಲಕ್ಕೆ ತಾಗದಂತೆ ಜೋಪಾನವಾಗಿ ಎತ್ತಿ ಹಿಡಿದಿದ್ದೆ.

"ದಾರಾ ತಗೀರಿ!" ಕಾಕು ಚೀರಿದರು.

"ತಗಿಯಾಂಗಿಲ್ಲ!"

"ಹಂಗಾರ ಕೈ ಬಿಡ್ರಿ!"

"ಬಿಡಾಂಗಿಲ್ಲ!"

ಕಾಕು ಮತ್ತೆ ಕೇಳಲಿಲ್ಲ. ಬಟ್ಟೆಯ ಕೋಲನ್ನು ಎರಡೂ ಕೈಯಲ್ಲಿ ಎತ್ತಿ ಕಾಕಾನ ಬೆರಳಿನ ಪಕ್ಕದಲ್ಲೇ ಕರಡಿಗೆಗೆ ಹೊಡೆದರು. ಅಂಟು ಬಿಟ್ಟಿತು. ಕಾಕಾ ಹಿಂದಕ್ಕೆ ಅಂಗಳದಲ್ಲಿ ಕುಕ್ಕರಿಸಿದರು. ದಾರ ಕೊರಳಲ್ಲಿತ್ತು, ಕರಡಿಗೆ ಅಂಗೈಯಲ್ಲಿತ್ತು, ಉಸಿರು ಇತ್ತು.

ಅವರು ಕೈ ನೋಡಿಕೊಳ್ಳಲಿಲ್ಲ. "ಒಡದೈತೇನ ನೋಡ, ಒಡದೈತೇನ ನೋಡ" ಎಂದಷ್ಟೇ ಅನ್ನುತ್ತಿದ್ದರು. ಮುಚ್ಚಳ ಸಿಕ್ಕಿಕೊಂಡಿತ್ತು. ಕಾಕು ಸೆರಗಿನಲ್ಲಿ ಹಿಡಿದು ಜಗ್ಗಿ ತೆರೆದರು. ಒಳಗಿನ ಅರಿವೆ ಒಂದು ಮಗ್ಗುಲು ಸುಟ್ಟು ಕಂದುಬಣ್ಣಕ್ಕೆ ತಿರುಗಿತ್ತು. ಬಿಡಿಸಿದರೆ ಲಿಂಗ ಕರ್ರಗೆ, ನುಣ್ಣಗೆ, ಬೆಳಿಗ್ಗೆ ಹೇಗಿತ್ತೋ ಹಾಗೇ ಇತ್ತು. ಕಾಕಾ ಅದನ್ನು ನೋಡಿದರು. ಉದ್ದಕ್ಕೆ ಉಸಿರು ಬಿಟ್ಟರು. ಆಮೇಲೆ, ಆಗಷ್ಟೇ ಸುಟ್ಟುಕೊಂಡವರಂತೆ, "ಅಯ್ಯಯ್ಯಯ್ಯೋ, ಕೈ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿಕೊಂಡರು. ಅಷ್ಟು ಹಿತವಾದ ಕೂಗನ್ನು ನಾನು ಕೇಳಿಲ್ಲ. ನಗು ಬಂದುಬಿಟ್ಟಿತು.

ಆಯಿ ಗೋಡೆ ಹಿಡಿದು ಹೊರಗೆ ಬಂದರು.

"ಏನವಾ, ಗಂಡಗ ಕೋಲ್ ತಗೊಂಡ ಹೊಡದಿ?"

"ಗಂಡಗಲ್ರೀ ಅತ್ತಿ, ಕರಡಗಿಗೆ."

"ಅದು ಇನ್ನೂ ದೊಡ್ಡ ಮಾತಾತಲ್ಲ!"

ಕಾಕುವಿನ ಮುಖ ಬಿಳಿಚಿತು. ಆಯಿ ಮಗನ ಅಂಗೈ ನೋಡಿದರು, ಲಿಂಗ ನೋಡಿದರು, ಬ್ಯಾಟರಿಯ ಮೇಲೆ ಹೊಳೆಯುತ್ತಿದ್ದ ಬೆಳ್ಳಿಯ ಹನಿ ನೋಡಿದರು. ಸೊಸೆಯ ಬೆನ್ನ ಮೇಲೆ ಕೈಯಿಟ್ಟು ಅಂದರು: "ಬರೋಬ್ಬರಿ ಹೊಡದಿ. ಇನ್ನೊಂದ ಇವಗೂ ಹಾಕಬೇಕಿತ್ತು."

ಡಾಕ್ಟರು ಕೈಗೆ ಪಟ್ಟಿ ಕಟ್ಟಿದ ಮೇಲೆ ಬಸ್ಸಿನಲ್ಲಿ ಶಿರಗುಪ್ಪಿಗೆ ಹೋದೆವು. ಬ್ಯಾಟರಿಯ ಸುದ್ದಿ ಹೇಳಲು ನಾಚಿ ಕಾಕಾ ಒಲೆ ಸುಟ್ಟಿತು ಎಂದರು. ಅಳಿಯಂದಿರು ಅಡುಗೆಮನೆಗೂ ಕೈ ಹಾಕುತ್ತಾರೆ ಎಂದು ಬೀಗರಲ್ಲಿ ಅವರ ಗೌರವ ಹೆಚ್ಚಿತು. ಕಾಕು ಸುಮ್ಮನೆ ಹೋಳಿಗೆಗೆ ತುಪ್ಪ ಹಾಕಿಕೊಂಡರು.

ಅಂದಿನಿಂದ ಮನೆಯಲ್ಲಿ ಹೊಸ ಕಟ್ಟಳೆ ಬಂತು. ಎಂದೂ ಕಾರಿನೊಳಗೆ ಇಣುಕಿರದ ಆಯಿ "ಪೂಜಿ ಆತ? ಮೈನಸ್ ತಗದಿ?" ಎಂದು ಒಂದೇ ಉಸಿರಿನಲ್ಲಿ ಕೇಳುತ್ತಿದ್ದರು. ಕಾಕು ಬಾಯಿಮಾತು ನಂಬುತ್ತಿರಲಿಲ್ಲ. ಸ್ಟೇರಿಂಗಿನ ಮುಂದೆ ಕೂತು ಹಾರ್ನ್ ಒತ್ತುವರು. ಅದು ಕೂಗಿದರೆ ಕೆಲಸವಿಲ್ಲ, ಕೂಗದಿದ್ದರೆ "ಹೂಂ, ಮಾಡ್ರಿ." ಕಾಕಾ ಕರಡಿಗೆಯನ್ನು ಬನಿಯನ್ನಿನೊಳಗೆ ಸೇರಿಸಿ ಆಮೇಲೆ ಬಗ್ಗುವರು. ಕಾರಿನ ಕಬ್ಬಿಣವೆಲ್ಲ ಮೈನಸ್ಸಿನದೇ ಬಳಗ, ಆ ಒಂದು ವಾಯರು ಬಿಚ್ಚಿದರೆ ಯಾವುದಕ್ಕೆ ಯಾವುದು ತಾಗಿದರೂ ಕಿಡಿ ಏಳುವುದಿಲ್ಲ ಎಂದು ನನಗೆ ತಿಳಿಸಿ ಹೇಳಿದವರೂ ಅವರೇ. ನಾನು ದೂರದಿಂದಲೇ ತಲೆ ಆಡಿಸಿದ್ದೆ.

ಇದಿಷ್ಟನ್ನೂ ಮಗಳಿಗೆ ಅಲ್ಲೇ ನಿಂತು ಹೇಳಿದೆ. ಅವಳು ನಗುತ್ತ ಕೇಳುತ್ತಿದ್ದವಳು ನಡುವೆ ಎಲ್ಲೋ ನಗುವುದನ್ನು ನಿಲ್ಲಿಸಿದ್ದಳು. ಗಡಿಯಾರ ಬಿಚ್ಚಿ ನನ್ನ ಕೈಗಿಟ್ಟಳು. ಕರಿಯ ವಾಯರನ್ನು ಸಡಿಲಿಸಿ ತೆಗೆದು, ಅರಿವೆ ಸುತ್ತಿ, ಬ್ಯಾಟರಿಯಿಂದ ದೂರ ಮಡಚಿಟ್ಟಳು. ನಾನು ಒಳಗೆ ಕೂತು ಹಾರ್ನ್ ಒತ್ತಿದೆ. ಇನ್ನೊಮ್ಮೆ ಒತ್ತಿದೆ. ಅದು ಕೂಗಲಿಲ್ಲ. ಧಾರವಾಡದಲ್ಲಿದ್ದು ಒಳ್ಳೆಯ ಹಾಡುಗಾರಿಕೆ ಬೇಕಾದಷ್ಟು ಕೇಳಿದ್ದೇನೆ. ಆದರೆ ಎದೆ ಇಷ್ಟು ಹಗುರಾದದ್ದು ಕಡಿಮೆ.

"ಅಪ್ಪಾ, ಹನ್ನೆರಡ ನಂಬರ್ ಪಾನಾ ಕೊಡ."

ಇಳಿದು ಬಾನೆಟ್ಟಿನ ಹತ್ತಿರ ಬಂದು ಕೊಟ್ಟೆ.

"ಇದು ಹದಿನಾಕರದು."

"ಹೌದಾ? ಹಂಗಾರ ನಾ ಒಳಗ ಹೋಗ್ಲೇನು?"

"ಬ್ಯಾಡ, ಇಲ್ಲೇ ನಿಂದ್ರು. ಬೆಳಕ ಹಿಡಿ."

ನಾನು ಫೋನಿನ ಬೆಳಕು ಹಿಡಿದು, ಅವಳ ಭುಜಕ್ಕೆ ಭುಜ ತಾಗಿಸಿ, ಎಂಜಿನ್ನಿನ ಮೇಲೆ ಬಗ್ಗಿದೆ. ನಟ್ಟು ಅಲ್ಲೇ ಇತ್ತು. ಸಣ್ಣದು. ಸಡಿಲಾಗಿತ್ತು, ಅಷ್ಟೇ.